ಹೆರ್ವೆಯ ಹೊಲ

ಫ್ರಾನ್ಸಿನ ಬ್ರಿಟನಿ ಪ್ರಾಂತದ ಆ ಊರಿನಲ್ಲಿ ಈಗ ಎಲ್ಲರ ಕಣಕ್ಕೂ ಸಿಮೆಂಟು ಬಿದ್ದಿದೆ. ಮುದುಕಿ ಲೇನಾ ಅದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಾಳೆ. ಮಣ್ಣಿನ ಕಣದ ಗಮ್ಮತ್ತೇ ಬೇರೆ. ಹದವಾಗಿ ಕಲಸಿದ ಜೇಡಿಮಣ್ಣು ಹಾಸಿ ನೆರೆಹೊರೆಯವರನ್ನು ಕರೆದರೆ, ಅವರು ಮರದ ಮೆಟ್ಟು ಹಾಕಿಕೊಂಡು ಬಂದು, ಕೈಕೈ ಹಿಡಿದು ಸಾಲಾಗಿ ಕುಣಿದೇ ಅದನ್ನು ಗಟ್ಟಿ ಮಾಡುತ್ತಿದ್ದರು. ಕುಣಿಯುವವರಿಲ್ಲದ ಮನೆಯ ಕಣ ಬಿರುಕು ಬಿಟ್ಟು ಹಾಳಾಗುತ್ತಿತ್ತು.

ಅವಳ ಗಂಡ ಗುಲ್ವೆನ್ ಸಮಾಜವಾದಿ. ತನಗೆ ಸ್ವಂತದ ಚೂರು ಭೂಮಿ ಇದ್ದರೂ ಗೇಣಿದಾರರ ಪರ ಗಂಟಲು ಹರಿದುಕೊಂಡವನು. ಅವನು ಚುನಾವಣೆಗೆ ನಿಂತು ಊರ ಹೊಲಗಳ ಒಡೆಯನಾದ ಧಣಿಯ ಕಡೆಯವನೆದುರು ಸೋತ ವರ್ಷವೇ ಅವರ ಕಣ ಹೊಸದಾಗಬೇಕಿತ್ತು. ಕುಣಿಯಲು ಊರವರನ್ನು ಕರೆದ ದಿನ ಧಣಿಯ ಪಾರುಪತ್ಯಗಾರ ಕುದುರೆ ಏರಿ ಬಂದು ಬೇಲಿಯಾಚೆ ನಿಂತ. ಒಂದು ನರಪಿಳ್ಳೆಯೂ ಬರಲಿಲ್ಲ. ಗೇಣಿಯ ಕರಾರೆಲ್ಲ ಸಂತ ಮಿಶೆಲ್ ಹಬ್ಬಕ್ಕೆ ಮುಗಿದು, ಮುಂದುವರಿಸುವುದು ಧಣಿಯ ಕೈಯಲ್ಲಿರುವಾಗ ಯಾರು ತಾನೇ ಬಂದಾರು? ಗಂಡಹೆಂಡಿರಿಬ್ಬರೇ ಕುಣಿದರು. ಲೇನಾಗೆ ಅಳು ಒತ್ತರಿಸಿ ಬಂತು.

ಆಗ ಬೇಲಿಯ ಬಾಗಿಲು ತಳ್ಳಿಕೊಂಡು ಹೆರ್ವೆ ಬಂದ. ಅಪ್ಪನ ಕಾಲದಿಂದ ಧಣಿಯ ಹೊಲ ಉಳುತ್ತಿದ್ದವನು.

“ನಿಂಗೆ ಓಟು ಹಾಕಿಲ್ಲ, ಮೊದ್ಲೇ ಹೇಳ್ಬಿಡ್ತೀನಿ,” ಎಂದ.

“ಗೊತ್ತು. ಮತ್ಯಾಕೆ ಬಂದೆ? ಅಲ್ಲಿ ನಿಂತಿರೋನು ಕಾಣ್ಸಲ್ವ?”

“ಕಾಣ್ದೆ ಏನು. ಮಣ್ಣಿಗೆ ಯಾವ ಪಕ್ಷ ಮಾರಾಯ? ಹಾಡು ಎತ್ಕೋ, ಒಣಗ್ತಾ ಇದೆ.”

ಅವನ ಹಿಂದೆ ಅವನ ಹೆಂಡತಿ ಬಂದಳು, ಅವಳ ಹಿಂದೆ ಪಕ್ಕದ ಮನೆಯವರು, ಆಮೇಲೆ ಇಡೀ ಊರು. ಅಂಥ ಕುಣಿತವನ್ನು ಲೇನಾ ಮತ್ತೆ ಕಾಣಲಿಲ್ಲ. ಇಂದಿಗೂ ನೆನೆದರೆ ಅವಳ ಹೊಟ್ಟೆ ತಣ್ಣಗಾಗುತ್ತದೆ, ಕಣ್ಣು ತುಂಬುತ್ತದೆ.

ಊರನ್ನೆಲ್ಲ ಹೊಲದಿಂದ ಎಬ್ಬಿಸಲು ಧಣಿಗೂ ಆಗದು. ಹಬ್ಬಕ್ಕೆ ಹೆರ್ವೆ ಒಬ್ಬನನ್ನೇ ಎಬ್ಬಿಸಿದ. ಮಂಚ, ಕೋಳಿಬುಟ್ಟಿ ಹೇರಿಕೊಂಡು ಹೊರಟ ಗಾಡಿಯನ್ನು ಗುಲ್ವೆನ್ ಅಡ್ಡಗಟ್ಟಿದ.

“ನಿನ್ನ ಹೊಲ ನಿಂಗೆ ವಾಪಸ್ ಕೊಡಿಸ್ತೀನಿ. ಅದಕ್ಕೊಂದು ಕಾನೂನು ತಂದೇ ತರ್ತೀನಿ.”

“ಕೊಡಿಸುವಂತೆ, ಈಗ ದಾರಿ ಬಿಡು. ಕೋಳಿ ಪ್ರಾಣ ಹಿಂಡ್ತಿವೆ.”

ಮುಂದಿನ ಚುನಾವಣೆಯಲ್ಲಿ ಗುಲ್ವೆನ್ ಗೆದ್ದ. ಯುದ್ಧ ಬಂತು, ಹೋಯಿತು, ಅವನು ಮಂತ್ರಿಯೂ ಆದ. ಹೆರ್ವೆ ಬಂದರಿನಲ್ಲಿ ಮೂಟೆ ಹೊರುತ್ತ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಇವತ್ತಲ್ಲ ನಾಳೆ ಹೊಲಕ್ಕೆ ಮರಳುತ್ತೇನೆಂದು ಕಾದ. ನೇಗಿಲನ್ನು ಮಾತ್ರ ಮಾರಿರಲಿಲ್ಲ.

ಕೊನೆಗೂ ಕಾನೂನು ಬಂತು. ಗುಲ್ವೆನ್ ಪ್ಯಾರಿಸಿನಿಂದ ರೈಲಿಳಿದವನು, ಸ್ಟೇಷನ್ನಿಗೆ ಬಂದಿದ್ದ ಲೇನಾಳನ್ನು ಕರೆದುಕೊಂಡು ನೇರವಾಗಿ ಹೆರ್ವೆಯ ಮನೆಗೆ ನಡೆದ. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲವೆಂದು ಅವಳು ತಿಳಿದಳು.

ಹೆರ್ವೆ ಎಲ್ಲವನ್ನೂ ಕೇಳಿಸಿಕೊಂಡ.

“ಅಂದ್ರೆ ಉಳೋನ್ನ ಇನ್ಮೇಲೆ ಸುಮ್‌ಸುಮ್ನೆ ಎಬ್ಬಿಸೋ ಹಾಗಿಲ್ಲ.”

“ಇಲ್ಲ.”

“ಈಗ ಉಳ್ತಾ ಇರೋನ್ನ.”

ಗುಲ್ವೆನ್ ತಲೆ ತಗ್ಗಿಸಿದ. ಲೇನಾಗೆ ಆಗ ಹೊಳೆಯಿತು. ಹೆರ್ವೆಯ ಹೊಲದಲ್ಲಿ ಈಗ ಬೇರೊಂದು ಸಂಸಾರವಿತ್ತು. ಅವಳ ಗಂಡ ತಂದ ಕಾನೂನು ಅವರನ್ನು ಅಲ್ಲೇ ಬೇರೂರಿಸಿ, ಹೆರ್ವೆ ಮರಳುವ ದಾರಿಯನ್ನು ಮುಚ್ಚಿಬಿಟ್ಟಿತ್ತು.

“ಬರೆಯೋವಾಗ ಗೊತ್ತಿತ್ತಾ?” ಹೆರ್ವೆ ಕೇಳಿದ.

“ಗೊತ್ತಿತ್ತು. ನಿಂಗೆ ಅಂತ ಕಾನೂನಲ್ಲಿ ಒಂದು ಸಂದು ಬಿಟ್ರೆ, ಅದೇ ಸಂದೀಲಿ ಧಣಿಗಳು ಎಲ್ರನ್ನೂ ಆಚೆ ಹಾಕ್ತಿದ್ರು.”

ಹೆರ್ವೆ ಎದ್ದು, ಮೂರು ಬಟ್ಟಲಿಗೆ ಸೇಬಿನ ಹೆಂಡ ಸುರಿದ.

“ನನ್ನ ಹೊಲದಲ್ಲಿರೋ ಆ ಹುಡುಗ ಉಳೋದು ನೋಡಿದೀನಿ,” ಎಂದ. “ಸಾಲು ಸೊಟ್ಟ ಹೊಡೀತಾನೆ. ಹೆಂಡ್ತಿ ಬಸುರಿ. ಇರ್ಲಿ ಬಿಡು. ಕುಡಿ.”

ಮಂತ್ರಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದ. ಅವನಿಗೆ ಕುಡಿಯಲಾಗಲಿಲ್ಲ.