ನಾಲ್ಕಕ್ಕೂ ಐದಕ್ಕೂ ನಡುವೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮೆಟ್ಟಿಲ ಸಾಲಿನ ಕಿಟಕಿಗಳಿಗೆಲ್ಲ ಯಾರೋ ಹೊರಗಿನಿಂದ ಬಿಳಿ ಬಟ್ಟೆ ಕಟ್ಟಿದಂತಿತ್ತು. ಆ ಮಬ್ಬಿನಲ್ಲೇ ನಾಲ್ವರು ಲಿಫ್ಟಣ್ಣನ ಶವದ ಪೆಟ್ಟಿಗೆಯನ್ನು ಹೊತ್ತು ಮೂರನೆಯ ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

"ತಲೆ ಕಡೆ ಸ್ವಲ್ಪ ಎತ್ಕೊಳ್ರೋ, ತಿರುವು ಬಂತು."

"ಎತ್ತೇ ಇದೀನಿ. ನೀನು ನಿನ್ನ ಕಾಲು ನೋಡ್ಕೊ."

"ಮೂವತ್ತೈದು ವರ್ಷ ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ದೋನನ್ನ ಮೆಟ್ಲಲ್ಲಿ ಇಳಿಸ್ತಾ ಇದೀವಲ್ಲ," ಎಂದ ಗ್ರೀಸ್. ಅವನು ಲಿಫ್ಟಣ್ಣನ ಜೊತೆ ಇಪ್ಪತ್ತೆರಡು ವರ್ಷ ದುಡಿದವನು. ಎಷ್ಟು ತೊಳೆದರೂ ಉಗುರಿನ ಕಪ್ಪು ಹೋಗದ ಕಾರಣ ಆ ಹೆಸರು ಬಂದಿತ್ತು.

"ಪೆಟ್ಟಿಗೆ ಲಿಫ್ಟಲ್ಲಿ ಹಿಡಿಸಲ್ಲ. ನಿಲ್ಲಿಸ್ಕೊಂಡು ತರಕ್ಕಾಗತ್ತಾ?"

"ತಂದಿದ್ರೂ ಅವನು ಸುಮ್ನಿರ್ತಿರಲಿಲ್ಲ ಬಿಡು. ನಾಲ್ಕು ಜನದ ಲಿಫ್ಟಿಗೆ ಐದು ಜನ ಯಾಕೆ ಹತ್ತಿದ್ರಿ ಅಂತ ಎದ್ದು ಕೂತು ಬೈತಿದ್ದ."

ನಾಲ್ವರೂ ತಿರುವಿನಲ್ಲಿ ನಿಂತು, ಸದ್ದಾಗದಂತೆ ನಕ್ಕರು. ಹಿಂದೆ ಮೆಟ್ಟಿಲ ಕಂಬಿ ಹಿಡಿದು ಇಳಿಯುತ್ತಿದ್ದ ಲಿಫ್ಟಣ್ಣನ ಹೆಂಡತಿಗೂ ಅದು ಕೇಳಿಸಿತು. ನಗು ಕೇಳುತ್ತಾ ಹೊರಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಕೊಟ್ಟವನು ದೊಡ್ಡವನು, ಎಂದುಕೊಂಡಳು.

ಕೆಳಗೆ ಕಟ್ಟಡದ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಹನ್ನೊಂದು ಗಂಟೆಗೆ ಮಣ್ಣು. ಸ್ಮಶಾನದಲ್ಲಿ ನಾಲ್ಕು ಮಾತು ಆಡಬೇಕಾದವರು ಲಿಫ್ಟಣ್ಣನ ತಮ್ಮ, ಶಾಲೆಯಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮನೆಯವರಿಗೂ ಅವರು ಮೇಷ್ಟ್ರೇ. ಅವರು ಒಂದು ಚೀಟಿಯ ಮೇಲೆ ಕಣ್ಣಾಡಿಸುತ್ತಿದ್ದರು. ಅತ್ತಿಗೆ ಪಕ್ಕದಲ್ಲಿ ಬಂದು ಕೂತಳು.

"ಏನು ಬರ್ಕೊಂಡಿದೀರಿ ಮೇಷ್ಟ್ರೇ?"

ಮೇಷ್ಟ್ರು ಚೀಟಿ ಕೊಟ್ಟರು. ದುಡಿಮೆ, ನೇರ ನಡತೆ, ಯಾರನ್ನೂ ಕಾಯಿಸದ ಗುಣ. ಎಲ್ಲವೂ ನಿಜವೇ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಪುಸ್ತಕದ ಸುದ್ದಿನೇ ಇಲ್ವಲ್ಲ."

"ಬೇಡ ಅತ್ತಿಗೆ."

"ಯಾಕೆ ಬೇಡ? ಒಂದು ಕಾದಂಬರಿ ಬರೆದಿದಾರೆ. ಮೇಲಿನ ಮನೆಯವರೆಲ್ಲ ಓದಿದಾರೆ."

ಮೇಷ್ಟ್ರು ಕನ್ನಡಕ ತೆಗೆದರು. "ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ಕಣ್ಣು ಕಳ್ಕೊಂಡೋನು ನಾನು. ಅಣ್ಣನ ಕಾಗದ ನಾನು ನೋಡಿಲ್ವಾ? ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ಅಷ್ಟಾದ್ರೆ ಮೂರನೇ ಸಾಲು ಹುಟ್ತಿರಲಿಲ್ಲ ಅವನಿಗೆ. ಪುಸ್ತಕ ಬಿಡುಗಡೆ ದಿನ ಭಾಷಣಕ್ಕೆ ಬಂದ ಹಿರಿಯ ವಿಮರ್ಶಕರು ಏನಂದ್ರು? ಎಲ್ಲರೂ ಮೆಚ್ಚೋ ಆ ಒಂದು ಪುಟ ಸಂಪಾದಕಿಯ ಕೈಗುಣ ಅಂದ್ರು. ಜನ ಚಪ್ಪಾಳೆ ತಟ್ಟಿದ್ರು, ಆಯಮ್ಮ ಎದ್ದು ಕೈ ಮುಗಿದ್ರು. ಅಲ್ಲ ಅನ್ನಲಿಲ್ಲ. ಆ ಒಂದು ಪುಟ ಅವರದಾದ್ರೆ ಮಿಕ್ಕಿದ್ದು ಯಾರದು? ಸತ್ತೋರ ಮುಂದೆ ನಿಂತು ಸುಳ್ಳು ಹೇಳೋದು ಬೇಡ. ಅವನು ಒಳ್ಳೆ ಕೆಲಸಗಾರ. ಅದು ಕಮ್ಮಿನಾ?"

ಕಮ್ಮಿಯಲ್ಲ. ಅವಳು ಚೀಟಿಯನ್ನು ವಾಪಸು ಕೊಟ್ಟಳು. ಗಂಡ ಬರೆದ ಹಾಳೆಗಳ ಕಟ್ಟು ಸಂಪಾದಕಿಗೆ ಅಂಚೆಯಲ್ಲಿ ಹೋಗುತ್ತಿದ್ದುದನ್ನೂ ಮೈತುಂಬ ಕೆಂಪು ಗೀಟು ಹೊತ್ತು ವಾಪಸು ಬರುತ್ತಿದ್ದುದನ್ನೂ ಅವಳು ಕಣ್ಣಾರೆ ಕಂಡಿದ್ದಳು. ಇದು ನಿಮ್ಮದೇನಾ ಎಂದು ಗಂಡನನ್ನು ಒಂದು ದಿನವೂ ಕೇಳಿರಲಿಲ್ಲ. ಅಷ್ಟು ಸಂತೋಷವಾಗಿದ್ದವನನ್ನು ಹೇಗೆ ಕೇಳುವುದು?

*

ಕೆಲಸದಿಂದ ನಿವೃತ್ತನಾದ ಮೊದಲ ಸೋಮವಾರ ಲಿಫ್ಟಣ್ಣ ಎಂದಿನಂತೆ ಐದೂವರೆಗೆ ಎದ್ದ, ಗಡ್ಡ ಹೆರೆದುಕೊಂಡ, ಬೂಟು ಹಾಕಿಕೊಂಡ. ಆಮೇಲೆ ಹೋಗಲು ಜಾಗವಿಲ್ಲದೆ ಊಟದ ಮೇಜಿನ ಮುಂದೆ ಕೂತ. ಎದುರಿಗೆ ಕಂಪನಿಯ ಹಳೆಯ ದೂರುಪುಸ್ತಕವಿತ್ತು. ಅದರಲ್ಲಿ ಪುಟಕ್ಕೆ ಮೂರು ಕಾಲಂ: ದೂರು, ಕಾರಣ, ಪರಿಹಾರ. ಬರೆಯಲು ಶುರು ಮಾಡಿದವನು ಹದಿನೆಂಟು ತಿಂಗಳು ನಿಲ್ಲಿಸಲಿಲ್ಲ.

ಆ ಕಟ್ಟನ್ನು ನಾಲ್ಕು ಪ್ರಕಾಶಕರಿಗೆ ಕಳಿಸಿದ. ಮೂವರು ಉಸಿರೆತ್ತಲಿಲ್ಲ. ನಾಲ್ಕನೆಯವರ ಸಂಪಾದಕಿ ಫೋನು ಮಾಡಿ, ಬಂದು ಹೋಗಿ ಎಂದರು. ಇಸ್ತ್ರಿ ಅಂಗಿ ತೊಟ್ಟು ಹೋದವನು ಮೊದಲು ಆ ಕಟ್ಟಡದ ಲಿಫ್ಟನ್ನು ಎರಡು ಸಲ ಹತ್ತಿ ಇಳಿದು ಪರೀಕ್ಷಿಸಿ, ಆಮೇಲೆ ಅವರ ಬಾಗಿಲು ತಟ್ಟಿದ.

"ಸಾರ್, ನಿಮ್ಮ ಪುಸ್ತಕದಲ್ಲಿ ಯಾರಿಗೂ ಏನೂ ಆಗಲ್ಲ," ಎಂದರು ಸಂಪಾದಕಿ.

"ಆಗತ್ತಲ್ಲ ಮೇಡಂ. ಮೂರನೇ ಅಧ್ಯಾಯದಲ್ಲಿ ಕಸ ಗುಡಿಸೋ ಹೆಂಗಸು ಲಿಫ್ಟಲ್ಲಿ ಸಿಕ್ಕಿಹಾಕ್ಕೊಳ್ತಾಳೆ."

"ಅದೇ ಅಧ್ಯಾಯದ ಕೊನೇಲಿ ಬಿಡಿಸಿಬಿಡ್ತೀರಿ. ನಾಲ್ಕರಲ್ಲಿ ಒಬ್ಬ ಮುದುಕ, ಅವನನ್ನೂ ಬಿಡಿಸ್ತೀರಿ. ಐದರಲ್ಲಿ ಮದುವೆ ಗಂಡು. ಒಬ್ಬರನ್ನಾದ್ರೂ ಒಳಗೆ ಬಿಟ್ಟು ಅಧ್ಯಾಯ ಮುಗಿಸಿ ನೋಡೋಣ."

ಲಿಫ್ಟಣ್ಣನ ಮುಖ ಇಳಿಯಿತು. "ಒಳಗೆ ಬಿಟ್ಟು ಮನೆಗೆ ಹೋಗೋದಾ? ಕೆಲಸದಿಂದ ತೆಗೀತಾರೆ ಮೇಡಂ."

"ಕೆಲಸ ಬಿಟ್ಟು ಎರಡು ವರ್ಷ ಆಯ್ತಲ್ಲ ಸಾರ್."

ಅವನಿಗೂ ನಗು ಬಂತು. ಆದರೆ ಮನೆಗೆ ಬಂದು ಹಾಗೆ ಬರೆದ ದಿನ ಮಧ್ಯಾಹ್ನದ ಊಟ ಇಳಿಯಲಿಲ್ಲ.

"ಏನಾಯ್ತು, ತಟ್ಟೆ ಹಾಗೇ ಇದೆ?" ಎಂದಳು ಹೆಂಡತಿ.

"ಆ ಹೆಂಗಸನ್ನ ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಬಿಟ್ಟು ಬಂದಿದೀನಿ ಕಣೇ."

"ಹೋಗಿ ಇಳಿಸಿ ಬನ್ನಿ ಮತ್ತೆ."

"ಇನ್ನೂ ಮೂವತ್ತು ಪುಟ ಇಳಿಸಬಾರದಂತೆ."

ಆ ವಾರವೆಲ್ಲ ಅವನು ಸಂಜೆಯ ಪ್ರಾರ್ಥನೆಯಲ್ಲಿ ಮನೆಯವರ ಜೊತೆಗೆ ಆ ಹೆಂಗಸನ್ನೂ ಸೇರಿಸಿಕೊಂಡ. ಇಲ್ಲದವಳಿಗಾಗಿ ಬೇಡಿಕೊಂಡರೆ ದೇವರಿಗೇನು ಖರ್ಚು, ಎಂದುಕೊಂಡಳು ಹೆಂಡತಿ.

ಕಟ್ಟು ಏಳು ಸಲ ಹೋಗಿ ಏಳು ಸಲ ಬಂತು. ಇಷ್ಟೊಂದು ಹೊಡೆದುಹಾಕಿದರೂ ನಿಮಗೆ ಬೇಜಾರಾಗಲ್ವಾ ಎಂದು ಗ್ರೀಸ್ ಒಮ್ಮೆ ಕೇಳಿದ್ದ. "ಬ್ರೇಕ್ ಕಟ್ಟಿದವನೇ ಬ್ರೇಕ್ ಪರೀಕ್ಷೆ ಮಾಡಬಾರದು ಅಂತ ನಿನಗೆ ಹೇಳಿಕೊಟ್ಟೋನು ಯಾರೋ?" ಎಂದಿದ್ದ ಲಿಫ್ಟಣ್ಣ.

*

ಸ್ಮಶಾನ ಮುಟ್ಟುವ ಹೊತ್ತಿಗೆ ಮಂಜು ತೆಳುವಾಗಿ, ಹುಲ್ಲಿನ ತುದಿಗಳು ಕಾಣತೊಡಗಿದ್ದವು. ಗುಂಡಿಯ ಅಂಚಿನಲ್ಲಿ ಹೊಸ ಮಣ್ಣು ರಾಶಿ ಬಿದ್ದಿತ್ತು. ಸಂಪಾದಕಿ ಬಸ್ಸಿಳಿದು ನಡೆದು ಬಂದರು. ನಲವತ್ತರ ಆಸುಪಾಸಿನ ಸಣಕಲು ಹೆಂಗಸು, ಹೆಗಲಲ್ಲಿ ಬಟ್ಟೆಯ ಚೀಲ. ನೇರವಾಗಿ ಲಿಫ್ಟಣ್ಣನ ಹೆಂಡತಿಯ ಹತ್ತಿರ ಹೋಗಿ ಕೈ ಹಿಡಿದುಕೊಂಡರು. ಪಕ್ಕದಲ್ಲೇ ಮೇಷ್ಟ್ರು, ಗ್ರೀಸ್ ಇದ್ದರು.

ಹೆಂಡತಿ ಆ ಕೈ ಬಿಡಲಿಲ್ಲ. "ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ಇವರು ಮಣ್ಣಿಗೆ ಹೋಗ್ತಾರೆ. ಆ ಪುಸ್ತಕ ಬರೆದಿದ್ದು ಇವರಾ, ನೀವಾ?"

ಸಂಪಾದಕಿ ಇನ್ನೊಂದು ಕೈಯನ್ನು ಚೀಲಕ್ಕೆ ಹಾಕಿದರು.

"ನಾನು ಒಂದು ಸಾಲೂ ಬರೆದಿಲ್ಲ ಅಮ್ಮ. ಅಳಿಸಿದ್ದೀನಿ, ಕೇಳಿದ್ದೀನಿ, ಮತ್ತೆ ಬರೀರಿ ಅಂತ ಪ್ರಾಣ ತಿಂದಿದ್ದೀನಿ. ಬರೆದವರು ಅವರೇ." ಚೀಲದಿಂದ ಒಂದು ಹಾಳೆ ತೆಗೆದರು. "ಎಲ್ಲರೂ ಮೆಚ್ಚಿದ ಪುಟ ಇದು. ಇದನ್ನ ತೆಗೀರಿ ಅಂತ ಹೇಳಿದವಳು ನಾನು."

ಹಾಳೆಯ ಮೇಲಿಂದ ಕೆಳಕ್ಕೆ ಅಡ್ಡಲಾಗಿ ಒಂದು ಕೆಂಪು ಗೀಟು. ಅಂಚಿನಲ್ಲಿ ಕೆಂಪು ಅಕ್ಷರ: "ಇಲ್ಲಿ ಕಥೆ ನಿಧಾನವಾಗುತ್ತದೆ. ತೆಗೆಯಿರಿ." ಅದರ ಕೆಳಗೆ ಪೆನ್ಸಿಲಿನಲ್ಲಿ, ಗುಂಡುಗುಂಡಾದ ಅಕ್ಷರ: "ಮೇಡಂ, ನೀವು ಹೇಳಿದ ಮುನ್ನೂರು ಕಡೆ ತೆಗೆದಿದ್ದೇನೆ. ಇದನ್ನು ತೆಗೆದರೆ ಲಿಫ್ಟು ಖಾಲಿ ಎಂದು ಆಗುತ್ತದೆ. ಇದು ಇರಲಿ."

"ನನಗೆ ಅರ್ಥ ಆಗಿರಲಿಲ್ಲ. ಅವರ ಹಟಕ್ಕೆ ಬಿಟ್ಟೆ. ಬಿಡುಗಡೆ ದಿನ ಆ ಹೊಗಳಿಕೆ ನನ್ನ ಪಾಲಿಗೆ ಬಂತು. ಎದ್ದು ಅಲ್ಲ ಅನ್ನಬೇಕಿತ್ತು, ಕೈ ಮುಗಿದು ಕೂತೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಇವರೇ. ಆವತ್ತಿಂದ ಆ ಚಪ್ಪಾಳೆ ನನ್ನ ಹತ್ತಿರ ಹಾಗೇ ಇದೆ ಅಮ್ಮ."

ಮೇಷ್ಟ್ರು ಕೈ ಚಾಚಿದರು. ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದು, ಕೆಂಪನ್ನು ಬಿಟ್ಟು ಪೆನ್ಸಿಲಿನ ಅಕ್ಷರಗಳನ್ನೇ ನೋಡುತ್ತಾ ನಿಂತರು. ತಮ್ಮ ಹಾಸ್ಟೆಲಿನ ದಿನಗಳಲ್ಲಿ ತಿಂಗಳಿಗೊಮ್ಮೆ ಎರಡು ಸಾಲು ಬರೆದು, ಫೀಸು ಕಟ್ಟಿ ಓದಿಸಿದ ಕೈಯ ಅಕ್ಷರ ಅವರಿಗೆ ಗೊತ್ತಾಗದೆ ಇರಲಿಲ್ಲ.

"ಖಾಲಿ ಎಂದು ಆಗುತ್ತದೆ ಅಂದ್ರೆ ಏನೋ?" ಎಂದು ಗ್ರೀಸನ್ನು ಕೇಳಿದರು.

"ಅದು ಮೊದಲನೇ ದಿನದ ಪಾಠ ಮೇಷ್ಟ್ರೇ. ಲಿಫ್ಟಿನ ಇನ್ನೊಂದು ಕಡೆ ಭಾರ ಕಟ್ಟಿರತ್ತೆ. ಬ್ರೇಕ್ ಬಿಟ್ರೆ ಖಾಲಿ ಲಿಫ್ಟು ಒಂಥರಾ ಓಡತ್ತೆ, ಜನ ಇದ್ರೆ ಇನ್ನೊಂಥರಾ. ಅದಕ್ಕೇ ಕೈ ಹಾಕೋ ಮುಂಚೆ ಒಳಗೆ ಎಷ್ಟು ಜನ ಅಂತ ಕೇಳಲೇಬೇಕು."

ಹನ್ನೊಂದಾಯಿತು. ಪೆಟ್ಟಿಗೆಯನ್ನು ಹಗ್ಗದ ಮೇಲಿಟ್ಟರು. ಒಬ್ಬ ಹಿರಿಯರು ಪ್ರಾರ್ಥನೆ ಹೇಳಿದರು. ಮೇಷ್ಟ್ರು ಮುಂದೆ ಬಂದರು. ಚೀಟಿ ಜೇಬಿನಲ್ಲೇ ಉಳಿಯಿತು.

"ನಮ್ಮಣ್ಣ ಬರೆದದ್ದು ಓದ್ತೀನಿ," ಎಂದರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ ಅದು.

"ಮೇಲಿನಿಂದ ಅವನು ಕೂಗಿದ: ಒಳಗೆ ಯಾರಿದ್ದೀರಿ? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕತ್ತಲೊಳಗಿನಿಂದ ಉತ್ತರ ಬಂತು: ಯಾರೂ ಇಲ್ಲಪ್ಪಾ, ಕಸ ಗುಡಿಸೋಳು. ಅವನು ಬ್ರೇಕಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದ. ಯಾರೂ ಇಲ್ಲದ ಲಿಫ್ಟಿನ ತೂಕವೇ ಬೇರೆ. ಜೇಬಿನಿಂದ ಪುಸ್ತಕ ತೆಗೆದು, ಪೆನ್ಸಿಲ್ ನೆಕ್ಕಿ ಬರೆದ: ಒಳಗೆ ಒಬ್ಬರು ಇದ್ದಾರೆ. ಆಮೇಲೆ ಅದನ್ನೇ ಗಟ್ಟಿಯಾಗಿ, ಅವಳಿಗೆ ಕೇಳುವಂತೆ ಓದಿದ."

ಗುಂಡಿಯ ಅಂಚಿನಿಂದ ಮಣ್ಣಿನ ಹೆಂಟೆಯೊಂದು ಉರುಳಿ ಒಳಗೆ ಬಿತ್ತು.

ಸಂಪಾದಕಿ ಚೀಲವನ್ನು ಹುಲ್ಲಿನ ಮೇಲಿಟ್ಟರು. ಪೆಟ್ಟಿಗೆಯ ಕಡೆ ತಿರುಗಿ, ಮೆಲ್ಲಗೆ, ಒಬ್ಬರೇ, ಚಪ್ಪಾಳೆ ತಟ್ಟತೊಡಗಿದರು. ಇಂಥ ಜಾಗದಲ್ಲಿ ಇದು ಸರಿಯೋ ತಪ್ಪೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಾನೂ ತಟ್ಟಿದ.

ಮೇಷ್ಟ್ರು ಹಾಳೆಯನ್ನು ಮಡಿಸದೆ ಅತ್ತಿಗೆಯ ಕೈಗಿತ್ತು, ತಮ್ಮ ಎರಡೂ ಕೈಗಳನ್ನು ಖಾಲಿ ಮಾಡಿಕೊಂಡರು.