ಬಾವುಟ ನೆಟ್ಟ ಮೂಲೆ

ಕೆರೆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೆ ಬೇಸರವಿರಲಿಲ್ಲ. ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹದಿನಾರು ಸಿಮೆಂಟ್ ತೊಟ್ಟಿ, ತೊಟ್ಟಿಯ ತುಂಬ ಅಂತರಗಂಗೆ, ಮೇಲೆ ಸೊಳ್ಳೆಪರದೆ, ಪರದೆಯೊಳಗೆ ಅಕ್ಕಿಕಾಳಿನಷ್ಟು ಗಾತ್ರದ ಕಂದು ಸೊಂಡಿಲು ಹುಳ. ಆ ಹುಳ ಸಾಕುವುದೇ ಅವಳ ನೌಕರಿ. "ಜನ ಮನೆಗೆ ಹುಳ ಬಂದ್ರೆ ಹೊಡೆದು ಓಡಿಸ್ತಾರೆ, ನಮ್ಮ ಸೊಸೆ ಬಾಣಂತನ ಮಾಡ್ತಾಳೆ" ಎಂದು ಅತ್ತೆ ನೆರೆಮನೆಯವರ ಮುಂದೆ ನಗುತ್ತಿದ್ದರು. ಆ ನಗೆಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಅಂತರಗಂಗೆ ಕೆರೆಯನ್ನು ನುಂಗಿ ಹತ್ತು ವರ್ಷವಾಗಿತ್ತು. ನೇರಳೆ ಹೂವು ಚೆಂದವೆಂದು ಯಾರೋ ದೂರದಿಂದ ತಂದು ಬಿಟ್ಟ ಗಿಡ. ಅದರ ತವರಿನಲ್ಲಿ ಅದನ್ನು ತಿನ್ನುವ ಹುಳವಿತ್ತು, ಇಲ್ಲಿರಲಿಲ್ಲ. ಆ ಹುಳವನ್ನೇ ತರಿಸಿ, ಬೇರೆ ಬೆಳೆಯನ್ನು ಅದು ಮುಟ್ಟುವುದಿಲ್ಲವೆಂದು ವರ್ಷಗಟ್ಟಲೆ ಪರೀಕ್ಷಿಸಿ, ಸಂಶೋಧನಾ ಕೇಂದ್ರದವರು ಅವಳ ಕೈಗೆ ಮುನ್ನೂರು ಕೊಟ್ಟಿದ್ದರು. ದೊಡ್ಡ ಹುಳ ಎಲೆ ಕೆರೆಯುತ್ತದೆ. ಮರಿ ಎಲೆದಂಟಿನೊಳಗೆ ಸುರಂಗ ಕೊರೆಯುತ್ತದೆ, ಆಮೇಲೆ ನೀರಿನಡಿಯ ಬೇರಿಗಿಳಿದು ಗೂಡು ಕಟ್ಟಿಕೊಳ್ಳುತ್ತದೆ. ಮೊಟ್ಟೆ ಹುಳವಾಗಲು ಮೂರು ತಿಂಗಳು ಬೇಕು. ಆತುರದವರಿಗೆ ಹೇಳಿಸಿದ ಕೆಲಸವಲ್ಲ.

ಅವಳ ಗಂಡ ಅದೇ ಕಚೇರಿಯ ದೋಣಿ ಓಡಿಸುವವನು. ಹುಳ ಬಿಡಲು ಪ್ರತಿ ಸಲವೂ ಅವನೇ ಕರೆದೊಯ್ಯುತ್ತಿದ್ದ. ಅವಳು ಮೆತ್ತನೆಯ ಕುಂಚದಿಂದ ಡಬ್ಬಿಯ ಹುಳಗಳನ್ನು ಎಲೆಬುಡಕ್ಕೆ ಇಳಿಸುವಾಗ ಎಂಜಿನ್ ನಿಲ್ಲಿಸಿ, ದೋಣಿ ಅಲುಗದಂತೆ ಕೋಲೂರಿ ನಿಲ್ಲುತ್ತಿದ್ದ. ಎರಡನೆಯ ವರ್ಷದ ಹೊತ್ತಿಗೆ ಎಲೆಯ ಮೇಲಿನ ಕೆರೆದ ಗುರುತು ಅವಳಿಗಿಂತ ಮೊದಲು ಅವನ ಕಣ್ಣಿಗೇ ಬೀಳುತ್ತಿತ್ತು. "ಇಲ್ನೋಡು, ನಿನ್ನ ಮಕ್ಕಳು ಊಟ ಮಾಡಿ ಹೋಗಿದಾರೆ" ಎನ್ನುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಚುಚ್ಚುತ್ತಿತ್ತೇನೋ. ಅವನು ಆಡಿದರೆ ಅವಳಿಗೆ ನಗು ಬರುತ್ತಿತ್ತು.

ನಾಲ್ಕನೆಯ ಬೇಸಿಗೆಗೆ ಸೊಂಟದೆತ್ತರದ ಗಿಡ ಮೊಣಕಾಲಿಗಿಳಿದಿತ್ತು. ಎಲೆಯಂಚು ಕಂದಿತ್ತು, ಹೂವು ಅಲ್ಲೊಂದು ಇಲ್ಲೊಂದು. ಇನ್ನೆರಡು ವರ್ಷ ಸಾಕು ಎಂಬುದು ಅವಳ ಅಂದಾಜು. ಕೆರೆಯಲ್ಲೇ ಹುಳ ನೆಲೆಯೂರಿದೆಯಲ್ಲ ಎಂದು ಕಚೇರಿಯವರು ತೊಟ್ಟಿಗಳನ್ನು ಖಾಲಿ ಮಾಡಿಸಿ, ಶೆಡ್ಡಿನಲ್ಲಿ ಪೈಪು ತುಂಬಿದರು. ಅವಳೂ ಬೇಡವೆನ್ನಲಿಲ್ಲ.

ಆ ವರ್ಷವೇ ಒಂದು ಗಾಳಿಗೆ ಗಿಡದ ದೊಡ್ಡ ಹಾಸೊಂದು ಕಿತ್ತು ಬಂದು ಪಂಪ್‌ಹೌಸಿನ ಬಾಯಿಗೆ ಸಿಕ್ಕಿಕೊಂಡಿತು. ಊರಿನ ನಲ್ಲಿಗಳಲ್ಲಿ ಮೂರು ದಿನ ನೀರಿಲ್ಲ. ಜನ ಖಾಲಿ ಕೊಡ ಹಿಡಿದು ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತರು. ಇಂಜಿನಿಯರ್ ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡರು. ಮರುವಾರ ಇಡೀ ಕೆರೆಗೆ ಕಳೆನಾಶಕ ಸಿಂಪಡಿಸಲು ಆದೇಶ ಬಂತು.

ಅವಳು ಇಂಜಿನಿಯರ್ ಕೋಣೆಗೆ ಹೋಗಿ ಬಿಡಿಸಿ ಹೇಳಿದಳು. ಔಷಧಿ ನೇರವಾಗಿ ಹುಳವನ್ನು ಕೊಲ್ಲದಿದ್ದರೂ ಗಿಡ ಕೊಳೆತು ಮುಳುಗುತ್ತದೆ, ದಂಟಿನ ಮರಿ, ಬೇರಿನ ಗೂಡು ಅದರ ಜೊತೆಗೇ ಮುಳುಗುತ್ತವೆ. ದೊಡ್ಡ ಹುಳ ಹಾರುವುದು ಅಪರೂಪ, ಹೋಗಲು ಜಾಗವಿಲ್ಲ. ಕೆಸರಿನಲ್ಲಿರುವ ಬೀಜ ಮಾತ್ರ ಉಳಿಯುತ್ತದೆ. ಅದು ಮೊಳೆತಾಗ ತಿನ್ನಲು ಯಾರೂ ಇರುವುದಿಲ್ಲ. ಬಡಗಣ ಮೂಲೆಯೊಂದನ್ನಾದರೂ ಬಿಡಿ ಎಂದು ಕೇಳಿಕೊಂಡಳು. ಇಂಜಿನಿಯರ್ ಕೆಟ್ಟವರಲ್ಲ. ಆಯ್ತಮ್ಮ, ಬಿಡೋಣ ಎಂದರು. ಬರೆದುಕೊಡಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಗಂಡಹೆಂಡಿರಿಬ್ಬರೂ ಸೇರಿ ಮೂಲೆಯ ಬಾಯಿಗೆ ಅಡ್ಡಲಾಗಿ ಹನ್ನೊಂದು ಗಳ ಹೂಳಿ ಕೆಂಪು ಬಟ್ಟೆ ಕಟ್ಟಿದರು. ಗಂಟುಗಳನ್ನೆಲ್ಲ ಅವನೇ ಇನ್ನೊಮ್ಮೆ ಜಗ್ಗಿ ನೋಡಿದ.

ಸಿಂಪಡಣೆ ಆರು ದಿನ ನಡೆಯಿತು, ದೋಣಿಯಿಂದ ಹೊಡೆಯುವ ಕೆಲಸ ಅವನದೇ. ಅವಳು ಆ ಕಡೆ ತಲೆ ಹಾಕಲಿಲ್ಲ. ಆರನೆಯ ಸಂಜೆ ಅವನು ಬಂದು ತುಂಬ ಹೊತ್ತು ಸ್ನಾನ ಮಾಡಿದ, ಅರ್ಧ ಊಟಕ್ಕೇ ಎದ್ದ, ತಲೆನೋವು ಎಂದ. ಔಷಧಿಯ ವಾಸನೆಗಿರಬೇಕು ಎಂದುಕೊಂಡಳು.

ಎರಡು ದಿನ ಬಿಟ್ಟು ಮೂಲೆಗೆ ನಡೆದು ಹೋದಳು. ಬಾವುಟಗಳು ನೆಟ್ಟಗೆ ನಿಂತಿದ್ದವು. ಅವುಗಳ ಹಿಂದೆ ಎಲೆಗಳೆಲ್ಲ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದವು. ಅವಳು ದಡದಲ್ಲಿ ಕೂತು ಒಂದು ದಂಟನ್ನು ಉಗುರಿನಿಂದ ಸೀಳಿದಳು. ಒಳಗೆ ಮರಿ ಇನ್ನೂ ಬದುಕಿತ್ತು. ಬೆಳಕಿಗೆ ಮೈ ತಿರುಗಿಸಿತು.

ಊಟದ ಡಬ್ಬಿಯನ್ನು ಬರಿದು ಮಾಡಿ ಸಿಕ್ಕಷ್ಟು ದೊಡ್ಡ ಹುಳಗಳನ್ನು ಹಾಕಿಕೊಂಡಳು, ಅರವತ್ತೆರಡು. ಆದರೆ ಅವಕ್ಕೆ ಹಾಕಲು ಇಡೀ ಕೆರೆಯಲ್ಲಿ ಔಷಧಿ ತಾಗದ ಒಂದು ಎಲೆಯೂ ಇರಲಿಲ್ಲ.

ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದಳು.

"ಬಾವುಟ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

ಅವನು ಅಲ್ಲೇ ಗೋಡೆಗೊರಗಿ ಕೂತು ಹೇಳಿದ. ಕೊನೆಯ ದಿನ ಎರಡು ಕ್ಯಾನು ಉಳಿದಿತ್ತಂತೆ. ಮಾರನೆಯ ಬೆಳಿಗ್ಗೆ ಮೇಲಿನವರು ಕೆರೆ ನೋಡಲು ಬರುವವರಿದ್ದರು. ಏರಿಯ ಮೇಲೆ ನಿಂತರೆ ಆ ಹಸಿರು ಮೂಲೆ ಕಣ್ಣಿಗೆ ಹೊಡೆಯುತ್ತಿತ್ತು. ಇಂಜಿನಿಯರ್ ದಡದಲ್ಲೇ ನಿಂತು, ಅದನ್ನೂ ಮುಗಿಸಿಬಿಡು ಎಂದರಂತೆ.

"ನಂಗೊಂದು ಫೋನ್ ಮಾಡಬಹುದಿತ್ತು ನೀವು."

"ಮಾಡಿದ್ರೆ ನೀನು ಬರ್ತಿದ್ದೆ" ಎಂದ. "ಬಂದು ದಡದಲ್ಲಿ ನಿಂತ್ಕೋತಿದ್ದೆ. ಆಗ್ಲೂ ನಾನು ಹೊಡೀಲೇಬೇಕಿತ್ತು. ನಿನ್ನ ಕಣ್ಣೆದುರಿಗೆ."

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಒಳಗೆ ಹೋಗಿ ಒಲೆ ಆರಿಸಿದಳು. ಡಬ್ಬಿಯ ಹುಳಗಳು ಹನ್ನೆರಡು ದಿನದಲ್ಲಿ ಒಂದೊಂದಾಗಿ ಸತ್ತವು.

ಕೆರೆ ಕನ್ನಡಿಯಂತಾಯಿತು, ಪತ್ರಿಕೆಯಲ್ಲಿ ಫೋಟೋ ಬಂತು. ಮುಳುಗಿದ ಗಿಡ ತಳದಲ್ಲಿ ಕೊಳೆತು ಮೀನು ಸತ್ತು ತೇಲಿದವು. ಎರಡು ತಿಂಗಳು ಅತ್ತೆ ಕಿಟಕಿ ತೆರೆಯಲಿಲ್ಲ. ಮಳೆ ಬಂದು ನೀರು ಏರಿದಾಗ ಕೆಸರಿನಿಂದ ಸಣ್ಣ ಸಣ್ಣ ಮೊಳಕೆ ಎದ್ದವು. ಮುಂದಿನ ಬೇಸಿಗೆಗೆ ಗಿಡ ಮತ್ತೆ ಸೊಂಟದೆತ್ತರ. ಇಂಜಿನಿಯರ್ ಅವಳನ್ನು ಕರೆಸಿ, ಹುಳವನ್ನು ಮತ್ತೆ ಎಬ್ಬಿಸಲು ಎಷ್ಟು ಕಾಲ ಬೇಕೆಂದು ಬರೆಸಿಕೊಂಡರು. ಅವಳು ಐದು ವರ್ಷ ಎಂದು ಬರೆದಳು. ಅವರು ಓದಿ ಕಾಗದ ಮಡಚಿದರು. "ಐದು ವರ್ಷ ನಾನು ಈ ಕುರ್ಚೀಲಿ ಇರ್ತೀನೇನಮ್ಮ?" ಎಂದರು. ವ್ಯಂಗ್ಯವಾಗಿ ಅಲ್ಲ, ಬೇಸರದಿಂದಲೇ. ಅಲ್ಲಿಂದಾಚೆಗೆ ಪ್ರತಿ ವರ್ಷ ಸಿಂಪಡಣೆ ಎಂದಾಯಿತು. ಅವಳನ್ನು ರಸೀದಿ ಬರೆಯುವ ಮೇಜಿಗೆ ಹಾಕಿದರು.

ಮನೆಯಲ್ಲಿ ಮಾತು ನಿಂತಿರಲಿಲ್ಲ. ಅಂಗಡಿ ಸಾಮಾನು, ಸೋರುವ ಸೂರು, ಅತ್ತೆಯ ಮಂಡಿನೋವು, ಎಲ್ಲವನ್ನೂ ಆಡುತ್ತಿದ್ದರು. ಕೆರೆಯ ಮಾತು ಬಂದರೆ ಇಬ್ಬರಲ್ಲೊಬ್ಬರು ಎದ್ದು ಹೋಗುತ್ತಿದ್ದರು. ಅವಳು ಸಂಶೋಧನಾ ಕೇಂದ್ರಕ್ಕೆ ಪತ್ರ ಬರೆದಳು. ಅಲ್ಲೇ ಹುಳ ಸಾಕುವ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಒಪ್ಪಿಕೊಂಡ ಮೇಲೆಯೇ ಮನೆಯಲ್ಲಿ ಹೇಳಿದಳು.

ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಅವನೇನು ಮಾಡ್ಬೇಕಿತ್ತು ಹೇಳು. ಕೆಲಸ ಬಿಟ್ಟು ಬರ್ಬೇಕಿತ್ತಾ?"

"ಗೊತ್ತಿಲ್ಲ ಅತ್ತೆ" ಎಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬಸ್ಸಿನವರೆಗೆ ಟ್ರಂಕು ಹೊತ್ತವನು ಅವನೇ. ಮೊದಲು ಅವಳು ವಾರ ವಾರ ಬರುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ. ಎರಡನೆಯ ವರ್ಷ ಒಂದು ಭಾನುವಾರ, ಅವಳು ಹೊರಡಲು ಬಟ್ಟೆ ಮಡಚುತ್ತಿರುವಾಗ, ಅವನು ಬಾಗಿಲ ಬಳಿ ಬಂದು ನಿಂತ. ನಾಳೆಯಿಂದ ಮತ್ತೆ ಔಷಧಿ ಹೊಡೆಯುವುದಿದೆ ಎಂದ. ಇನ್ನೇನೋ ಹೇಳುವವನಿದ್ದ.

ಅವಳು ಸರಿ ಎಂದಳು. ಅತ್ತೆಯ ಮಾತ್ರೆ ಇನ್ನು ನಾಲ್ಕೇ ಉಳಿದಿವೆ, ಮರೆಯದೆ ತಂದಿಡಿ ಎಂದು ಹೇಳಿ ಚೀಲದ ಜಿಪ್ಪು ಎಳೆದಳು.