ಗೆಣ್ಣಿಗೆ ಸಿಕ್ಕ ಹಸಿರು ಬಳೆ

ಬಳೆ ತಣ್ಣಗಿದೆ, ಹೆಬ್ಬೆರಳ ಗೆಣ್ಣಿನವರೆಗೆ ಬಂದು ನಿಂತಿದೆ, ಬಳೆಗಾರ್ತಿ ಅಕ್ಕಯಮ್ಮ ವಿನುತಾಳ ಬೆರಳುಗಳನ್ನು ಒಟ್ಟು ಮಾಡಿ ಹಿಂಡುತ್ತಿದ್ದಾಳೆ, ಕೈ ಸಡ್ಲ ಬಿಡವ್ವ, ಬಿಗೀಬೇಡ — ಯುಗಾದಿಗೆ ಇದೇ ಅಳತೆ ಸರಾಗವಾಗಿ ಇಳಿದಿತ್ತಲ್ಲ, ಅತ್ತೆ ಮುತ್ಯಾಲಮ್ಮನಿಗಂತೂ ಖುಷಿಯೋ ಖುಷಿ, ಬಸುರಿ ಕೈ ಅಲ್ವಾ, ತುಂಬ್ಕೊಂಡೈತೆ, ಮಗು ಬೆಳೀತೈತೆ. ಐದು ತಿಂಗಳು ತುಂಬಲಿ ಎನ್ನುವಷ್ಟು ತಾಳ್ಮೆ ಅವರಿಗೆಲ್ಲಿ, ಮೂರಕ್ಕೇ ಹಸಿರು ಬಳೆ, ಚಾಮರಾಜಪೇಟೆಯ ಈ ಬೀದಿಗೆಲ್ಲ ಡಂಗುರ ಸಾರಿಯಾಗಿದೆ. ತುಂಬಿಕೊಂಡ ಕೈಯಲ್ಲ ಇದು, ನೀರು ಸೇರಿ ಊದಿದ ಕೈ, ಡಾಕ್ಟರು ಪಾದ ಒತ್ತಿ ತೋರಿಸಿದ್ದರು, ಬೆರಳಿಟ್ಟಲ್ಲಿ ಗುಳಿ ಬಿದ್ದು ಹಾಗೇ ಉಳಿದಿತ್ತು, ನೋಡಮ್ಮ, ಗಾಯ ಆದಾಗ ಜೀವಕೋಶಗಳಿಗೆ ಬೆಳೀರಿ ಅಂತ ಹೇಳೋ ಪದಾರ್ಥ ಮೈಯಲ್ಲೇ ಇರತ್ತೆ, ಗ್ರೋತ್ ಫ್ಯಾಕ್ಟರ್ ಅಂತೀವಿ, ನಿನ್ನ ಶ್ವಾಸಕೋಶದ ರಕ್ತನಾಳದಲ್ಲಿ ಅದು ಹೇಳೋದನ್ನ ನಿಲ್ಲಿಸ್ತಾನೇ ಇಲ್ಲ, ಗೋಡೆ ಒಳಗಡೆಗೇ ದಪ್ಪ ಆಗಿ ದಾರಿ ಕಿರಿದಾಗಿದೆ, ಹೃದಯ ರಕ್ತ ತಳ್ಳಿ ತಳ್ಳಿ ಸೋಲ್ತಿದೆ, ಬಸುರು ಮುಂದುವರಿದ್ರೆ ನಿನ್ನ ಜೀವಕ್ಕೇ ಅಪಾಯ, ಈ ವಾರದಲ್ಲೇ ತೆಗೆಸಬೇಕು. ಬೆಳೆಯುವುದು ಕೆಟ್ಟದ್ದೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ — ಅಪ್ಪ ಮುನಿರಾಜು ಸೊಪ್ಪಿನ ಪಾತಿಗೆ ನೀರು ಬಿಟ್ಟು ನೆಲ ಮುಟ್ಟುತ್ತಾನೆ, ಬೆಳಿ ತಾಯಿ, ಅದೇ ಮಣ್ಣಿನ ಬೆರಳನ್ನು ಅವಳ ಹಣೆಗೂ ಒತ್ತುತ್ತಾನೆ, ನೀನೂ ಬೆಳಿ, ಈಗ ಮೈಯೊಳಗೆ ಎರಡು ಕಡೆ ಬೆಳೆಯುತ್ತಿದೆ, ಎದೆಯಲ್ಲೊಂದು, ಹೊಟ್ಟೆಯಲ್ಲೊಂದು, ಯಾವುದನ್ನೆಂದು ಬೈಯುವುದು.

ಗಂಡ ಧರ್ಮೇಂದ್ರನಿಗೆ ಗೊತ್ತು, ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿದವನು, ಸ್ಕೂಟರಿನಲ್ಲಿ ಕರೆತಂದು ಗೇಟಿನ ಹತ್ತಿರ ಇಳಿಸಿದ, ಅಮ್ಮಂಗೆ ನೀನೇ ಹೇಳು ವಿನು, ನನ್ ಕೈಲಾಗಲ್ಲ — ಅಷ್ಟಂದು ತರಕಾರಿ ಮಂಡಿಗೆ ಹೋದ, ಇವತ್ತೂ ಅಲ್ಲೇ ಇದ್ದಾನೆ, ಬೇಕೆಂದೇ, ಪುಣ್ಯಾತ್ಮ. ಹೇಳಬೇಕಿತ್ತು, ಹನುಮಂತನಗರದ ಗುಡ್ಡದ ಗುಡಿಗೆ ಹರಕೆ ಹೊತ್ತಿದೀನಿ ಕಣೆ ಎಂದು ಅತ್ತೆ ಅಂದಾಗಲೇ, ಆದರೆ ಆ ಮೆಟ್ಟಿಲು ನನ್ನಿಂದ ಆಗಲ್ಲ ಅತ್ತೆ ಎಂದಷ್ಟೇ ಬಾಯಿಗೆ ಬಂತು, ನನ್ ಮೊಮ್ಮಗ ಹತ್ತಿಸ್ತಾನೆ ಬಿಡು ಎಂದು ಅವರು ನಕ್ಕರು, ಅವಳೂ ನಕ್ಕಳು, ಏದುಸಿರು ನಗುವಿನಲ್ಲಿ ಮುಚ್ಚಿಹೋಯಿತು. ಮನೆ ತುಂಬ ಜನ, ಹೇಳಿಕೊಳ್ಳಲು ಒಬ್ಬರಿಲ್ಲ, ಹಗಲೂ ರಾತ್ರಿ ಜೊತೆಗಿರುವುದು ಹೊಟ್ಟೆಯಲ್ಲಿರುವುದೊಂದೇ, ಅದಕ್ಕಂತೂ ಹೇಳುವಂತಿಲ್ಲ.

ದೊಡ್ಡ ಅಳತೆ ಹಾಕ್ಲಾ ಎನ್ನುತ್ತಾಳೆ ಅಕ್ಕಯಮ್ಮ, ಬೇಡ, ಕೈಗೇರಿಸಿದ್ದನ್ನ ಹಿಂದಕ್ಕೆ ತೆಗೀಬಾರ್ದು ಎನ್ನುತ್ತಾ ಅತ್ತೆ ತಾವೇ ಸೋಪು ತಂದು ಸವರುತ್ತಿದ್ದಾರೆ, ಎಷ್ಟು ಮೆತ್ತಗೆ, ತಮ್ಮ ಕೈಯೇ ನೋಯುತ್ತಿರುವ ಹಾಗೆ, ಒಡೀದಂಗೆ ಅಕ್ಕಯಮ್ಮ, ಒಡೀದಂಗೆ, ಅವರು ಇಷ್ಟು ಒಳ್ಳೆಯವರಾಗದಿದ್ದರೆ ಎಂದೋ ಹೇಳಿಬಿಡುತ್ತಿದ್ದಳು, ಬಳೆ ಒತ್ತುತ್ತದೆ, ಚರ್ಮ ಮಡಿಚಿ ಬೆಳ್ಳಗಾಗುತ್ತದೆ, ಎದೆ ತಳ್ಳುತ್ತದೆ, ತಳ್ಳುತ್ತದೆ, ಅತ್ತೆ — ಏನ್ ತಾಯಿ, ನೋವಾ — ಅತ್ತೆ, ಡಾಕ್ಟರು — ಸೋಪಿನ ಕೈ ನಿಂತಿದೆ, ಅತ್ತೆಯ ಮುಖದಲ್ಲಿ ನಗು ಇನ್ನೂ ಹಾಗೇ ಇದೆ, ಗೆಣ್ಣಿನ ಮೇಲೆ ಹಸಿರು ಬಳೆ, ಒಳಗೆ ಹೋಗದು, ಹೊರಗೆ ಬಾರದು, ಹಸಿರು ಬಳೆ —